ಉಸುಕಿನಲ್ಲಿ ಕಾಲುಂಗುರ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಕಾಕಾ, ತಿಂಗಳಿಗೊಂದು ರವಿವಾರ ತಾವೇ ಕಟ್ಟಿದ ಮೆಟಲ್ ಡಿಟೆಕ್ಟರ್ ಹೆಗಲಿಗೇರಿಸಿ ಕಾರವಾರದ ಬಸ್ಸು ಹಿಡಿಯುತ್ತಿದ್ದರು. ಸಮುದ್ರದಂಡೆಯಲ್ಲಿ ಸಿಗುತ್ತಿದ್ದುದು ಬಾಟಲಿಯ ಮುಚ್ಚಳಗಳೇ. ನಕ್ಕರೆ, "ಉಸುಕು ಏನೂ ನುಂಗೂದಿಲ್ಲ, ಇಟ್ಕೊಂಡಿರತೈತಿ" ಎನ್ನುವರು.

ಒಮ್ಮೆ ನಾವೂ ಜೊತೆಗೆ ಹೋದಾಗ ಅವ್ವನ ಸವೆದ ಕಾಲುಂಗುರ ಅಲ್ಲಿ ಕಳೆಯಿತು. ಅವ್ವ ಅಳುತ್ತ ಕೂತಳು.

"ಅಳಬ್ಯಾಡ್ರಿ ವೈನಿ, ಉಸುಕು ನುಂಗೂದಿಲ್ಲ."

ಹೆಡ್‌ಫೋನಿನಲ್ಲಿ ಡಿಟೆಕ್ಟರಿನ ಸದ್ದು ಆಲಿಸುತ್ತ ಎರಡು ತಾಸು ಹುಡುಕಿ ತಂದರು. ಅವ್ವ ಕೈಚಾಚಿದರೂ ಕೊಡದೆ ಅಪ್ಪನ ಅಂಗೈಯಲ್ಲಿಟ್ಟರು.

"ಮದುವ್ಯಾಗ ನೀವ ಹಾಕಿದ್ದಲ್ಲರಿ? ಈಗೂ ನೀವ ಹಾಕ್ರಿ."

ನಾಲ್ಕು ಜನರೆದುರು ಅವ್ವನ ಹೆಸರನ್ನೂ ಹಿಡಿಯದ ಅಪ್ಪ, ಅತ್ತಿತ್ತ ನೋಡಿ ಮೊಣಕಾಲೂರಿದರು. ಕಾಕಾ ಹೆಡ್‌ಫೋನ್ ಕಿವಿಗಿಟ್ಟುಕೊಂಡು, ಏನೋ ಆಲಿಸುವವರಂತೆ ಸಮುದ್ರದತ್ತ ತಿರುಗಿ ನಿಂತರು. ಅದರ ವಯರು ಸುಮ್ಮನೆ ಜೋತಾಡುತ್ತಿತ್ತು. ಡಿಟೆಕ್ಟರ್ ನನ್ನ ಕೈಯಲ್ಲಿತ್ತು.