ಎಣ್ಣೆ ಪಂಪಿಗೆ ಒಂದು ಆಮಂತ್ರಣ ಪತ್ರಿಕೆ

ಸಿಟ್ಟಿನ ವಿಷಯದಲ್ಲಿ ನಾನು ಬಡವನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ಈ ಸಲದ ಕಾರಣ ಕೇಳಿದರೆ ನೀವೂ ನನ್ನ ಪಕ್ಷ ವಹಿಸುತ್ತೀರಿ. ಜೇವರ್ಗಿಯ ಹೆದ್ದಾರಿಯಲ್ಲಿ ಧಾಬಾ ನಡೆಸುವ ಮಹಾನುಭಾವನೊಬ್ಬ ನನ್ನ ಮೋಟರ್ ಸೈಕಲ್ಲನ್ನು ಕೊಡಿ ಎಂದು ಕೇಳಿದ. ಓಡಿಸಲಿಕ್ಕಲ್ಲ! ಕಂಬದ ಮೇಲೆ ನಿಲ್ಲಿಸಿ, ಸುತ್ತ ಬಣ್ಣದ ದೀಪದ ಸರ ಹಾಕಲಿಕ್ಕೆ. ಜನ ಅದರ ಕೆಳಗೆ ಫೋಟೊ ತೆಗೆಸಿಕೊಂಡು ಒಳಗೆ ಬಂದು ರೊಟ್ಟಿ ತಿನ್ನುತ್ತಾರಂತೆ. ಬದುಕಿರುವವನ ಫೋಟೊಗೆ ಹಾರ ತರಲು ಹೊರಟವನನ್ನು ಕಂಡಷ್ಟು ಸಿಟ್ಟು ಬಂತು ನನಗೆ.

ಗಾಡಿ ಇಂಗ್ಲೆಂಡಿನದು, ನನಗಿಂತ ಹಿರಿಯದು. ಖಜೂರಿಯ ಲಾರಿ ಮಾಲೀಕರೊಬ್ಬರ ಕೊಟ್ಟಿಗೆಯಲ್ಲಿ ಜೋಳದ ಕಣಿಕೆಯಡಿ ಬಿದ್ದಿದ್ದನ್ನು, ಮಾಸ್ತರಿಕೆಗೆ ಸೇರಿದ ಹೊಸದರಲ್ಲಿ ತಂದಿದ್ದೆ. ಈಗ ನಾನು ನಿವೃತ್ತನಾಗಿ ಆಳಂದದಲ್ಲಿ ಕೂತಿದ್ದೇನೆ. ಅದು ಮಾತ್ರ ನಿವೃತ್ತಿಯ ಮಾತೆತ್ತಿರಲಿಲ್ಲ, ಈ ವರ್ಷ ಎಣ್ಣೆ ಪಂಪು ಕೈಕೊಡುವವರೆಗೆ.

ಈ ಜಾತಿಯ ಎಂಜಿನ್ನು ತನ್ನ ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದಿಲ್ಲ. ಸೀಟಿನ ಕೆಳಗೆ ಬೇರೆ ಟಾಕಿಯಲ್ಲಿ ಇಡುತ್ತದೆ. ಅಲ್ಲಿಂದ ಎಣ್ಣೆ ಒಯ್ದು ಎಂಜಿನ್ನಿಗೆ ಮುಟ್ಟಿಸುವುದು, ಉಳಿದದ್ದನ್ನು ಟಾಕಿಗೆ ಮರಳಿಸುವುದು, ಎರಡೂ ಪಂಪಿನ ಕೆಲಸ. ಹೊಲಕ್ಕೆ ಬುತ್ತಿ ಒಯ್ದು ಖಾಲಿ ಡಬ್ಬಿ ಮರಳಿ ತರುವವರಿದ್ದಾರಲ್ಲ, ಹಾಗೆ. ನಮ್ಮ ಪಂಪು ಸವೆದು ಬುತ್ತಿ ಒಯ್ಯುವುದನ್ನೇ ಬಿಟ್ಟಿತ್ತು. ಎಣ್ಣೆ ಮುಟ್ಟದೆ ಎಂಜಿನ್ನು ತುಸು ಹೊತ್ತು ಓಡಿದರೂ ಒಳಗಿನದೆಲ್ಲ ಜಾಮ್ ಆಗಿ ಅಲ್ಲಿಗೆ ಅದರ ಕಥೆ ಮುಗಿದಂತೆ.

ನನ್ನ ಹೆಂಡತಿ ಮಹಾದೇವಿ ತೀರ್ಪು ಕೊಟ್ಟಳು: "ಐತವಾರ ಅಫಜಲಪುರದಾಗ ನನ್ನ ತಮ್ಮನ ಮನಿ ಶಾಂತಿ ಅದ. ಇದರ ಮ್ಯಾಲ ಕರಕೊಂಡು ಹೋದ್ರ ಇದು ಇರಲಿ. ಇಲ್ಲಂದ್ರ ಸೋಮವಾರ ಜೇವರ್ಗಿಗೆ ಕಳಸ್ರಿ." ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಕೂತು ಊರೂರು ತಿರುಗಿದವಳ ಬಾಯಲ್ಲಿ ಈ ಮಾತು!

ಹೊಸ ಪಂಪು ಕೊರಿಯರ್‌ನಲ್ಲಿ ಬಂತು. ಏಳು ಸಮುದ್ರ ದಾಟಿ ಬಂದದ್ದಕ್ಕೆ ಹೊದಿಕೆಗಳು ಬಹಳ, ಎಚ್ಚರಿಕೆಯ ಚೀಟಿ ಬೇರೆ. ಪಂಪಿಗೂ ಎಂಜಿನ್ನಿಗೂ ನಡುವೆ ಎಣ್ಣೆ ಸೋರದಂತೆ ಕೂರುವ ಕಾಗದದ ಪ್ಯಾಕಿಂಗ್ ಮಾತ್ರ ಇಲ್ಲ! ನಾನು ಇಂಗ್ಲೆಂಡಿಗೆ ಕೇಳುವಂತೆ ಬೈದೆ. ಗಾಡಿ ನೋಡಿಕೊಳ್ಳುವ ದಸ್ತಗೀರ್ ಉಸ್ತಾದ್ ಶಾಂತವಾಗಿ, "ಮನ್ಯಾಗ ಲಗ್ನದ ಕಾರ್ಡ ಇದ್ರ ಕೊಡ್ರಿ ಸರ್, ದಪ್ಪಂದು," ಎಂದರು. ನಮ್ಮ ಕಡೆ ಎಷ್ಟೋ ಗಾಡಿಗಳು ಯಾರದೋ ಮದುವೆಯ ಬಲದ ಮೇಲೆ ಓಡುತ್ತಿವೆ ಎಂಬುದು ನಿಮಗೆ ತಿಳಿದಿರಲಿ. ನನ್ನ ಕೈಗೆ ಸಿಕ್ಕಿದ್ದು ಭಾವಮೈದುನನ ಮನೆ ಶಾಂತಿಯ, ಅಂದರೆ ಗೃಹಪ್ರವೇಶದ, ಕಾರ್ಡು.

ಉಸ್ತಾದ್ ಅದನ್ನು ಬೆನ್ನು ಮೇಲಾಗಿ ಪಂಪಿನ ಮೇಲಿಟ್ಟು ಅಂಚಿಗುಂಟ ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಕಾಗದ ಅದೇ ಆಕಾರಕ್ಕೆ ಕತ್ತರಿಸಿ ಬಂತು. ಅಂದು ಶುಕ್ರವಾರ. "ಸ್ಕ್ರೂ ತೂತ ಹೊಡದೇನ್ರಿ. ಎಣ್ಣಿ ಹೋಗೋ ಎರಡು ತೂತ ನೀವು ಹೊಡದಿಡ್ರಿ, ನಮಾಜ್ ಮುಗಿಸಿ ಬರ್ತೇನಿ," ಎಂದು ಹೋದರು.

ಒಂದು ತೂತು ಹೊಡೆದೆ. ಎರಡನೆಯದಕ್ಕೆ ಕಾಗದ ತಿರುವಿದರೆ ಬಸವಣ್ಣನ ಚಿತ್ರ! ತೂತು ಬೀಳಬೇಕಾದದ್ದು ಸರಿಯಾಗಿ ಹಣೆಯ ವಿಭೂತಿಯ ಮೇಲೆ. ಪ್ರತಿ ಬಸವ ಜಯಂತಿಗೆ ವೇದಿಕೆ ಹತ್ತಿ, ಭಕ್ತಿ ನಡತೆಯಲ್ಲಿರಬೇಕು, ಚಿತ್ರದಲ್ಲಲ್ಲ ಎಂದು ಗುಡುಗುವವನು ನಾನು. ಮೊಳೆ ಹಿಡಿದ ಕೈ ಆ ಭಾಷಣ ಕೇಳಿರಲಿಲ್ಲ. ಉಸ್ತಾದ್ ಬಂದ ಮೇಲೆ ಬೇರೆ ಕತ್ತರಿಸಿದರಾಯಿತು ಎಂದುಕೊಂಡು, ಗಾಳಿಗೆ ಹಾರದಿರಲೆಂದು ಅದನ್ನು ಗ್ರೀಸಿನಿಂದ ಪಂಪಿಗೆ ಅಂಟಿಸಿಟ್ಟೆ.

ಆಗಲೇ ಧಾಬಾದವನ ಫೋನು. "ಸರ್, ಕಂಬಕ್ಕ ಸಿಮೆಂಟ್ ಹಾಕ್ಸಾಕತ್ತೇನಿ. ಗಾಡಿ ಎಷ್ಟು ಉದ್ದ ಅದ ಹೇಳ್ರಿ." ನಾನು ಬೀದಿಗೆ ಹೋಗಿ ನಿಂತು ಅವನ ಮೂರು ತಲೆಮಾರು ಜಾಲಾಡಿದೆ. ಮರಳಿ ಬರುವಷ್ಟರಲ್ಲಿ ಉಸ್ತಾದ್ ಪಂಪು ಕೂಡಿಸಿಬಿಟ್ಟಿದ್ದರು. ಮಾಸ್ತರು ಮಾಡಿಟ್ಟದ್ದನ್ನು ತಪಾಸಣೆ ಮಾಡುವ ರೂಢಿ ಅವರಿಗಿಲ್ಲ. ನಾನೋ ಉಳಿದ ಬೈಗುಳವನ್ನು ಅವರಿಗೆ ವರದಿ ಮಾಡುವ ಭರದಲ್ಲಿ ತೂತಿನ ಮಾತನ್ನೇ ಮರೆತೆ.

ಟಾಕಿಗೆ ಎಣ್ಣೆ ಮರಳುವವರೆಗೆ ಎಂಜಿನ್ನು ಚಾಲೂ ಮಾಡಬಾರದೆಂಬುದು ಉಸ್ತಾದರ ಕಟ್ಟುನಿಟ್ಟು. ಪ್ಲಗ್ ಬಿಚ್ಚಿ ಬರೀ ಕಿಕ್ ಹೊಡೆಯಬೇಕು. ಹೊಡೆದೆ. ಅಂಗಿ ಬೆನ್ನಿಗೆ ಅಂಟಿತು, ಟಾಕಿಯೊಳಗೆ ಇಣುಕುತ್ತಿದ್ದ ಉಸ್ತಾದ್ ತಲೆ ಅಲ್ಲಾಡಿಸುತ್ತಲೇ ಇದ್ದರು. ನನ್ನ ನಾಲಿಗೆ ಹಿಡಿತ ತಪ್ಪಿತು. "ನಿಮಗ ವಯಸ್ಸಾತು ಉಸ್ತಾದ್! ಕೆಲಸ ಮರತೀರಿ. ಕಂಬಕ್ಕ ಏರಸಬೇಕಾದ್ದು ಗಾಡೀನಲ್ಲ, ನಿಮ್ಮನ್ನ!"

ಅವರು ಪಂಪು ಬಿಚ್ಚಿದರು. ಬಸವಣ್ಣನ ಹಣೆ ನುಣ್ಣಗೆ ಇತ್ತು.

"ನನಗ ಮನಸ್ಸಾಗಲಿಲ್ರಿ," ಎಂದೆ.

"ಹ್ಯಾಂಗ ಆಗ್ತದ್ರಿ ಸರ್? ನನಗೂ ಆಗ್ತಿದ್ದಿಲ್ಲ." ಚಿತ್ರದ ಮೇಲಿನ ಗ್ರೀಸನ್ನು ತಮ್ಮ ತೊಳೆದ ಕರವಸ್ತ್ರದಿಂದ ಒರೆಸಿ, ಕಾಲು ತಾಗದಂತೆ ಗೋಡೆಯ ಮಾಡದಲ್ಲಿಟ್ಟರು. ಅವರು ಒಂದು ಮಾತು ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. "ತಪ್ಪಾತ್ರಿ ಉಸ್ತಾದ್," ಎಂದೆ. "ಇರಲಿ ಬಿಡ್ರಿ, ಕಾರ್ಡ ಉಳದದೇನು?" ಎಂದರು.

ಉಳಿದದ್ದು ಕೆಳಗಿನ ಭಾಗ, ಸ್ವಾಗತ ಕೋರುವವರ ಹೆಸರುಗಳು. ಮನೆಯ ಹಿರಿಯ ಅಳಿಯನಾದ ನನ್ನ ಹೆಸರನ್ನು ಕಟ್ಟಕಡೆಯ ಸಾಲಿಗೆ ತಳ್ಳಿದ್ದರು. ಆ ಸಿಟ್ಟು ಬೇರೆಯೇ ಇತ್ತು. ಉಸ್ತಾದ್ ಅದರಲ್ಲೇ ಹೊಸ ಪ್ಯಾಕಿಂಗ್ ಬಡಿದು, ತೂತಿಗೆ ಮೊಳೆ ಇಟ್ಟು ತಡೆದರು. "ಇಲ್ಲಿ ಯಾರ ಹೆಸರ ಅದರಿ?"

"ನನ್ನದೇ."

"ಹೊಡೀಲೇನ್ರಿ?"

"ಹೊಡೀರಿ."

ಮತ್ತೆ ಕಿಕ್ ಹೊಡೆದೆ. ಸ್ವಲ್ಪ ಹೊತ್ತಿಗೆ ಟಾಕಿಯೊಳಗೆ ಎಣ್ಣೆ ತೊಟ್ಟಿಕ್ಕತೊಡಗಿತು.

ಐತವಾರ ಅಫಜಲಪುರ ಮುಟ್ಟಿದೆವು. ಮಹಾದೇವಿ ಇಳಿದು ಸೆರಗು ಕೊಡವಿಕೊಂಡು, "ಜೇವರ್ಗಿಯವಗ ಇಲ್ಲ ಅಂದುಬಿಡ್ರಿ," ಎಂದಳು. ಅಷ್ಟರಲ್ಲಿ ಭಾವಮೈದುನ ಅಳುಕುತ್ತ ಓಡಿಬಂದ. "ಮಾಮಾ, ಕಾರ್ಡಿನಾಗ ನಿಮ್ಮ ಹೆಸರ ಕೆಳಗ ಬಿದ್ದದ, ಸಿಟ್ಟಾಗಬ್ಯಾಡ್ರಿ."

"ಚಲೋ ಜಾಗದಾಗೇ ಬಿದ್ದದ ಬಿಡಪ್ಪಾ," ಎಂದೆ.