ಹೊರಗಿದ್ದ ಕಪ್ಪು ಗೆರೆ

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಹಳೆಯದೊಂದು ಸುಟ್ಟ ಕಲೆ ಇತ್ತು. ಆ ಬೆರಳನ್ನು ಬೆಸುಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಆಡಿಸುತ್ತಿದ್ದರು. ಒಂದಿಷ್ಟು ಮೊನೆ ತಾಗಿದರೂ ಕರಗಿಸಿ ಗುಂಡಗೆ ಮಾಡಿ, ಸ್ಪಿರಿಟ್ಟಿನಲ್ಲಿ ಒರೆಸುವರು. ಉಪಗ್ರಹದ ಹೈ ವೋಲ್ಟೇಜ್ ಪೆಟ್ಟಿಗೆಯಲ್ಲಿ ಕಿಡಿ ಹಾರುವುದೇ ಮೊನೆಯಿಂದ. ನಾನದನ್ನು ಪುಸ್ತಕದಲ್ಲಿ ಓದಿದ್ದೆ. ಅವರು ಪಿರಿಯಾಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವಾಗಲೇ ಕಲಿತಿದ್ದರು.

ಮೈಸೂರಿನ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಅವರು ಮೇಸ್ತ್ರಿ. ಕಂಪಲಾಪುರದಿಂದ ಮೊದಲ ಬಸ್ಸಿಗೆ ಬರುವರು, ಮಧ್ಯಾಹ್ನ ಒಬ್ಬರೇ ಬುತ್ತಿ ಬಿಚ್ಚುವರು. ಪೆಟ್ಟಿಗೆಯನ್ನು ಪರೀಕ್ಷೆಯ ಉಕ್ಕಿನ ಕೋಣೆಯಲ್ಲಿಟ್ಟು ಗಾಳಿಯನ್ನೆಲ್ಲ ಹೊರಗೆಳೆಯುವಾಗ ಮಾತ್ರ ನನ್ನ ಪಕ್ಕ ನಿಂತು ಅದೇ ಮಾತು ಹೇಳುವರು: "ಗಾಳಿ ತುಂಬಿದ್ರೂ ಸರಿ, ಪೂರಾ ಖಾಲಿ ಆದ್ರೂ ಸರಿ. ಅರ್ಧಂಬರ್ಧ ಇದ್ದಾಗ ಕಿಡಿ ಏಳ್ತದೆ, ಸ್ವಿಚ್ ಮುಟ್ಬೇಡಿ ಮೇಡಮ್ಮೋರೆ."

ಒಂದು ಪರೀಕ್ಷೆಯ ದಿನ ಅವರು ರಜೆಯಲ್ಲಿದ್ದರು. ಹೆಂಡತಿಗೆ ಕಾಯಿಲೆ, ಹುಣಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನನಗೆ ಅವಸರ. ಗಾಳಿ ಇನ್ನೂ ಅರ್ಧ ಇದ್ದಾಗಲೇ ಸ್ವಿಚ್ ಒತ್ತಿದೆ. ಆ ಕೋಣೆಯ ಪುಟ್ಟ ಕಿಟಕಿಯ ಗಾಜಿನಾಚೆ ನೇರಳೆ ಬೆಳಕು ಮಿಂಚಿತು, ಪೆಟ್ಟಿಗೆ ಸುಟ್ಟಿತು.

ವಿಚಾರಣೆಯಲ್ಲಿ ಯಾರೋ, ಬೆಸುಗೆಗಳನ್ನು ಮುಚ್ಚಲು ಮೇಸ್ತ್ರಿ ಸುರಿದ ಅಂಟಿನೊಳಗೆ ಗಾಳಿಗುಳ್ಳೆ ಉಳಿದು ಕಿಡಿ ಹಾರಿರಬೇಕು ಎಂದರು. "ಇರಬಹುದು" ಎಂದೆ. ಆಡಿದ್ದು ಅದೊಂದೇ ಮಾತು. ಮೇಸ್ತ್ರಿಯನ್ನು ಸಾಮಾನಿನ ಸ್ಟೋರ್ ರೂಮಿಗೆ ಹಾಕಿದರು. ಸುಟ್ಟ ಪೆಟ್ಟಿಗೆಯನ್ನು ಒಂದು ಸಲ ಕೈಗೆತ್ತಿಕೊಂಡು ನೋಡಿ, ನನ್ನನ್ನೂ ನೋಡಿ, ಅದನ್ನು ಮೇಜಿನ ಮೇಲಿಟ್ಟು ಅವರು ಹೊರಟುಹೋದರು. ನಿವೃತ್ತಿಯವರೆಗೂ ಸ್ಕ್ರೂ ಎಣಿಸಿ ಕೊಟ್ಟರು. ನಾನು ಸ್ಟೋರಿನ ದಾರಿಯನ್ನೇ ಬಿಟ್ಟೆ, ಹೇಡಿಯ ಹಾಗೆ.

ಹೋದ ವರ್ಷ ಕಡೆಗೂ ಕಂಪಲಾಪುರಕ್ಕೆ ಹೋದೆ. ಅವರ ಹೆಂಡತಿ ತೀರಿಕೊಂಡಿದ್ದರು. ಮೇಸ್ತ್ರಿ ತಾವೇ ಕಾಫಿ ಕಾಯಿಸಿ ತಂದುಕೊಟ್ಟರು. ನಡೆದದ್ದೆಲ್ಲ ಹೇಳಿಬಿಟ್ಟೆ.

"ಗೊತ್ತಿತ್ತು ಕಣ್ರವ್ವಾ. ಕಿಡಿ ಸುಟ್ಟ ಕಪ್ಪು ಗೆರೆ ಅಂಟಿನ ಮೇಲ್ಗಡೆ ಇತ್ತು, ಒಳಗಲ್ಲ. ಗುಳ್ಳೆಯಿಂದ ಆಗಿದ್ರೆ ಒಳಗಿರೋದು."

ಮತ್ತೇಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವೇ ಯೋಳ್ತೀರಿ ಅಂತ ಕಾದೆ." ಲೋಟ ಕೆಳಗಿಟ್ಟರು. "ತನ್ನ ಕಾಯ್ಲೆ ಯೋಚ್ನೇಲೇ ನನ್ ಕೈ ತಪ್ತು ಅಂತ ಅತ್ಕೊಂಡೇ ಪ್ರಾಣ ಬುಟ್ಲು ನನ್ನೆಂಡ್ತಿ. ನಾನು ಯೋಳುದ್ರೆ ನಂಬ್ನಿಲ್ಲ. ನೀವು ಬಂದು ಒಂದ್ ಮಾತು ಯೋಳಿದ್ರೆ ನಂಬೋಳು."

ಮರುದಿನವೇ ತಪ್ಪೊಪ್ಪಿಕೊಂಡು ವರದಿ ತಿದ್ದಿಸಿದೆ. ಅದರ ಒಂದು ಪ್ರತಿಯನ್ನು ಅವರಿಗೆ ಕೊಟ್ಟುಬಂದೆ. ಈ ಬೇಸಿಗೆಯಲ್ಲಿ ಅವರೂ ಹೋದರು. ಮಣ್ಣಿಗೆ ಹೋದಾಗ ನೋಡಿದೆ: ಆ ಕಾಗದ ಹೆಂಡತಿಯ ಫೋಟೋದ ಎದುರು ಗೋಡೆಯಲ್ಲಿತ್ತು, ಅಕ್ಷರಗಳು ಆಕೆಯ ಕಡೆಗೆ ತಿರುಗಿದ್ದವು.