ಮಾಮಿ ಹೇಳಿದ ‘ನಮ್ಮದು’

ಆಚೆಮನೆ ಮಾಮಿಯ ಬಲಗೈ ಹೆಬ್ಬೆರಳಿನ ಉಗುರು ಕಾಗೆಯ ಕೊಕ್ಕಿನ ಹಾಗೆ ಉದ್ದಕ್ಕೆ, ಗಟ್ಟಿಯಾಗಿ ಬೆಳೆದಿತ್ತು. ಉಳಿದ ಒಂಬತ್ತು ಉಗುರುಗಳನ್ನು ಬುಡಮಟ್ಟ ಕತ್ತರಿಸಿಕೊಳ್ಳುವ ಅವರು ಇದೊಂದಕ್ಕೆ ಮಾತ್ರ ಬ್ಲೇಡು ತಾಗಿಸುತ್ತಿರಲಿಲ್ಲ. ಸುರುಟಿದ ಬೀಡಿಯ ಬಾಯಿಯನ್ನು ಒಳಕ್ಕೆ ಮಡಚಿ ಒತ್ತುವುದು ಅದರ ಕೆಲಸ. ಅದೇ ಉಗುರಿನಿಂದ ಅವರು ನನ್ನ ಕಾಲಿನ ಮುಳ್ಳು ತೆಗೆದಿದ್ದಾರೆ, ತಲೆಯ ಹೇನು ಕುಕ್ಕಿದ್ದಾರೆ, ಮಗ್ಗಿ ತಪ್ಪಿದಾಗ ಕಿವಿ ಚಿವುಟಿದ್ದಾರೆ. ಅವರು ಕೊಡುವ ಇಡ್ಲಿಯಲ್ಲೂ ಸಣ್ಣಗೆ ಹೊಗೆಸೊಪ್ಪಿನ ವಾಸನೆ ಇರುತ್ತಿತ್ತು. ನಾವು ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕರೆ, “ತಿನ್ನಿ, ತಿನ್ನಿ. ಬೀಡಿ ಸೇದದೆ ಬೀಡಿಯ ಪರಿಮಳ. ಫ್ರೀ ಉಂಟು” ಎನ್ನುತ್ತಿದ್ದರು.

ವಿಟ್ಲದ ರಸ್ತೆಯಲ್ಲಿ ಬಸ್ಸಿಳಿದು ಗುಡ್ಡದ ದಾರಿ ಹಿಡಿದರೆ ಮೊದಲು ಸಿಗುವುದು ನಮ್ಮ ಮನೆ, ಅದರಾಚೆಗೆ ಮಾಮಿಯದು. ನಡುವೆ ಒಂದು ಬೇಲಿ, ಬೇಲಿ ದಾಟಲು ಎರಡು ಮೆಟ್ಟಿಲಿನ ತಡಮೆ. ಮಾಮಿಯ ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು, ನನ್ನದೇ ವಯಸ್ಸು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬೆಂಚಿನಲ್ಲಿ ಕುಳಿತು ಪಿಯುಸಿ ಓದಿದವರು. ಮಾರ್ಕಿನಲ್ಲಿ ಯಾವಾಗಲೂ ಅವಳೇ ನನಗಿಂತ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಬಾಯಿ ಬರಲಿಕ್ಕಿಲ್ಲ. ಅವಳು ಬಿಡಿಸಿದ ಹೃದಯದ ಚಿತ್ರ ನೋಡಿ ಬಯಾಲಜಿ ಲೆಕ್ಚರರು ಬೋರ್ಡಿನಲ್ಲಿ ತಾವು ಬರೆದದ್ದನ್ನು ಒರೆಸಿದ್ದುಂಟು. ಇಬ್ಬರಿಗೂ ನರ್ಸಿಂಗ್ ಕಲಿಯುವ ಆಸೆ. ಕಲಿಸುವ ಶಕ್ತಿ ಇಬ್ಬರ ಮನೆಯಲ್ಲೂ ಇರಲಿಲ್ಲ.

ಮೂಡುಬಿದಿರೆ ಕಡೆಯ ಒಂದು ಟ್ರಸ್ಟಿನವರು ಹಳ್ಳಿಯ ಬಡ ಮಕ್ಕಳಿಗೆ ನರ್ಸಿಂಗ್, ಲ್ಯಾಬ್, ಫಾರ್ಮಸಿ ಕಲಿಯಲು ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತಾರೆ ಎಂದು ಅದೇ ಲೆಕ್ಚರರು ಹೇಳಿದರು. ಇಬ್ಬರೂ ಅರ್ಜಿ ಹಾಕಿದೆವು. ಟ್ರಸ್ಟಿನವರು ಮನೆಗೆ ಬಂದು ಕಣ್ಣಾರೆ ನೋಡಿದ ಮೇಲೆಯೇ ತೀರ್ಮಾನ. ಕಾರು, ಫ್ರಿಜ್ಜು ಇಂಥವು ಕಂಡರೆ ಅರ್ಜಿ ಅಲ್ಲಿಗೇ ಮುಗಿಯಿತು.

ನಮ್ಮ ಮನೆಯಲ್ಲಿ ಫ್ರಿಜ್ಜು ಇತ್ತು. ಸೌದಿಯಲ್ಲಿದ್ದ ಸೋದರಮಾವ ರಜೆಗೆ ಬಂದಾಗ ಅಮ್ಮನಿಗೆಂದು ತೆಗೆಸಿಕೊಟ್ಟ ಕೆಂಪು ಫ್ರಿಜ್ಜು. ಅಪ್ಪ ಗಾರೆ ಕೆಲಸದವರು. ಕರೆಂಟು ಬಿಲ್ಲಿಗೆ ಹೆದರಿ ಅಮ್ಮ ಅದನ್ನು ವಾರದಲ್ಲಿ ಮೂರು ದಿನ ಆಫ್ ಮಾಡಿಯೇ ಇಡುತ್ತಿದ್ದರು. ಉಳಿದ ನಾಲ್ಕು ದಿನ ಅದರೊಳಗೆ ಇರುತ್ತಿದ್ದದ್ದು ಹೆಚ್ಚಾಗಿ ಮಾಮಿಯ ಇಡ್ಲಿ ಹಿಟ್ಟು. ಆದರೆ ಬಂದು ನೋಡುವವರಿಗೆ ಇದೆಲ್ಲ ಎಲ್ಲಿ ಗೊತ್ತು, ಫ್ರಿಜ್ಜು ಎಂದರೆ ಫ್ರಿಜ್ಜೇ.

ನಮ್ಮ ಮನೆಗೆ ಶನಿವಾರ ಬರುತ್ತೇವೆ, ಮಾಮಿಯ ಮನೆಗೆ ಮುಂದಿನ ಬುಧವಾರ ಎಂದು ಕಾಗದ ಬಂತು. ಅಮ್ಮ ತಲೆಗೆ ಕೈ ಹೊತ್ತು ಕುಳಿತರು. ಉಪಾಯ ಹೇಳಿದ್ದು ಮಾಮಿಯೇ. “ಅದಕ್ಕೆಂಥ ಮಂಡೆಬೆಚ್ಚ ಮಾರಾಯ್ತಿ? ಶನಿವಾರ ನಮ್ಮಲ್ಲಿರ್ಲಿ, ಬುಧವಾರ ನಿಮ್ಮಲ್ಲಿರ್ಲಿ. ಫ್ರಿಜ್ಜಿಗೆ ನಡಿಲಿಕ್ಕೆ ಬಾರದಿದ್ರೆ ನಮಗೆ ಬರ್ತದಲ್ಲ.” ಶುಕ್ರವಾರ ಸಂಜೆ ಅಪ್ಪ, ಅಣ್ಣ, ಮಾಮಿ ಮೂವರೂ ಸೇರಿ ಅದನ್ನು ತಡಮೆ ದಾಟಿಸಿದರು. ಒಳಗಿನ ಹಿಟ್ಟಿನ ಪಾತ್ರೆ ಅಲುಗಿದಾಗಲೆಲ್ಲ ಮಾಮಿ, “ನಿಧಾನ ಮಾರಾಯರೆ, ತುಂಬಿದ ಬಸುರಿ!” ಎಂದು ನಗಿಸುತ್ತಿದ್ದರು. ಆ ನಗುವಿನಲ್ಲಿ ನಾನೂ ಇದ್ದೆ.

ಶನಿವಾರ ಇಬ್ಬರು ಬಂದರು. ಒಬ್ಬರು ವಯಸ್ಸಾದ ನಿವೃತ್ತ ಹೆಡ್‌ಮಾಸ್ಟರು, ಇನ್ನೊಬ್ಬರು ಫೈಲು ಹಿಡಿದ, ತುಳು ಬಾರದ ಘಟ್ಟದ ಮೇಲಿನ ಮೇಡಂ. ನಮ್ಮ ಮನೆ ನೋಡಿದರು, ಅಮ್ಮ ಕೊಟ್ಟ ಬೆಲ್ಲ ನೀರು ಕುಡಿದರು, ಫೈಲಿನಲ್ಲಿ ಒಪ್ಪಿಗೆಯ ಗೀಟು ಎಳೆದರು. ಎಲ್ಲ ಮುಗಿದು ಎದ್ದ ಮೇಲೆ ಹೆಡ್‌ಮಾಸ್ಟರು ಹಾಳೆ ತಿರುವಿ, “ಇಲ್ಲೇ ಹತ್ತಿರ ಇನ್ನೊಂದು ಮನೆ ಉಂಟಲ್ಲ ಮೇಡಂ. ಬುಧವಾರ ಪುನಃ ಯಾಕೆ ಬರುವುದು? ಈಗಲೇ ನೋಡಿಬಿಡುವ” ಎಂದರು. ನನ್ನ ಕಡೆ ತಿರುಗಿ, “ದಾರಿ ತೋರಿಸು ಮಗಾ” ಎಂದರು.

ನಾನು ತೋರಿಸಿದೆ. ಅಮ್ಮನ ಮುಖ ಬಿಳಿಚಿಕೊಂಡದ್ದನ್ನು ಕಂಡೂ ತೋರಿಸಿದೆ. ಕಾಲು ನೋವು ಎನ್ನಬಹುದಿತ್ತು, ಅವರು ಮನೆಯಲ್ಲಿಲ್ಲ ಎನ್ನಬಹುದಿತ್ತು. ಮೊದಲೇ ಓಡಿಹೋಗಿ ಒಂದು ಬೆಡ್‌ಶೀಟಾದರೂ ಹೊದಿಸಬಹುದಿತ್ತು. ಒಂದೂ ತಲೆಗೆ ಹೊಳೆಯಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹಾಗಲ್ಲ. ನನ್ನ ಗೀಟು ಆಗಲೇ ಬಿದ್ದಾಗಿತ್ತು. ಅದು ಅಳಿಸಿಹೋಗಬಾರದು ಎನ್ನುವುದೊಂದೇ ತಲೆಯಲ್ಲಿತ್ತು.

ಮಗಳು ಬೀಡಿ ಕಟ್ಟು ಹೊತ್ತು ಡಿಪೋಗೆ ಹೋಗಿದ್ದಳು. ಮಾಮಿ ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದವರು ಗಡಬಡಿಸಿ ಎದ್ದರು. ಅಡುಗೆಕೋಣೆಯಲ್ಲಿ ಜಾಗ ಸಾಲದೆ ಫ್ರಿಜ್ಜು ನಡುಮನೆಯಲ್ಲೇ ನಿಂತಿತ್ತು.

“ಇದು ಯಾರದು?” ಮೇಡಂ ಕನ್ನಡದಲ್ಲಿ ಕೇಳಿದರು.

ಮಾಮಿ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ನಮ್ಮದು” ಎಂದರು ಮಾಮಿ.

ಮೇಡಂ ಬಾಗಿಲು ತೆಗೆದರು. ಒಳಗೆ ಹಿಟ್ಟಿನ ಪಾತ್ರೆ, ಅದರ ಮೇಲೆ ಮಾಮಿಯ ಗಂಡನ ಹೆಸರು ಕೊರೆದ ಮುಚ್ಚಳ. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. “ಫಾರ್ಮಿನಲ್ಲಿ ಇಲ್ಲ ಅಂತ ಬರೆದಿದ್ದೀರಲ್ಲ?” ಎಂದು ಕೇಳಿದರು. ಮಾಮಿ ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ, “ತಪ್ಪಾಯ್ತು” ಎಂದರು. ಅದು ನಮ್ಮ ಮನೆಯ ಫ್ರಿಜ್ಜು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಪೆನ್ನು ಓಡುವ ಸದ್ದು ಕೇಳುತ್ತ ನಾನು ಅಲ್ಲೇ ನಿಂತಿದ್ದೆ.

ಮೂರು ವಾರದ ಮೇಲೆ ಎರಡು ಕಾಗದ ಬಂದವು. ನಾನು ಆಯ್ಕೆಯಾಗಿದ್ದೆ. ಮಾಮಿಯ ಮಗಳದ್ದು, ತಪ್ಪು ಮಾಹಿತಿ ಕೊಟ್ಟ ಕಾರಣಕ್ಕೆ ತಿರಸ್ಕೃತ. ಅಮ್ಮ ಅಳುತ್ತ ತಡಮೆ ದಾಟಿ ಹೋಗಿ, ಟ್ರಸ್ಟಿಗೆ ಹೋಗಿ ನಿಜ ಹೇಳಿಬಿಡುತ್ತೇವೆ ಎಂದರು. ಮಾಮಿ ಬೈದು ಕಳಿಸಿದರು. “ಹೇಳಿದ್ರೆ ಇಬ್ಬರದ್ದೂ ಹೋಗ್ತದೆ. ಎರಡೂ ಮುಳುಗುವುದಕ್ಕಿಂತ ಒಂದಾದ್ರೂ ದಡ ಸೇರ್ಲಿ. ಸುಮ್ಮನಿರು.” ನಾವು ಸುಮ್ಮನಿದ್ದೆವು. ಆ ಸುಮ್ಮನಿರುವುದು ಎಷ್ಟು ಸುಲಭವಾಗಿ ಬಂತು ಎಂದು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಮಗಳು ಅದೇ ಸಂಜೆ ಬಂದು ತನ್ನ ಬಯಾಲಜಿ ರೆಕಾರ್ಡು ಪುಸ್ತಕ ನನ್ನ ಕೈಯಲ್ಲಿಟ್ಟು, “ನಿನಗೆ ಬೇಕಾಗ್ತದೆ” ಎಂದಷ್ಟೇ ಹೇಳಿ ಹೋದಳು. ಮುಂದಿನ ತಿಂಗಳು ಗೋಡಂಬಿ ಫ್ಯಾಕ್ಟರಿಗೆ ಸೇರಿದಳು.

ಇದಕ್ಕಿಂತ ದೊಡ್ಡ ನಾಚಿಕೆಗೇಡು ಇನ್ನೊಂದಿದೆ. ಸ್ಕಾಲರ್‌ಶಿಪ್ ಕೊಡುವ ಸಮಾರಂಭ ಮೂಡುಬಿದಿರೆಯಲ್ಲಿ ನಡೆಯಿತು. ಮಕ್ಕಳ ಪರವಾಗಿ ಎರಡು ಮಾತಾಡಲು ನನ್ನನ್ನು ಕರೆದರು. ಮೈಕು ಸಿಕ್ಕಿದ್ದೇ ನನಗೆ ಅದೇನು ಹುಚ್ಚು ಹಿಡಿಯಿತೋ, “ನಮ್ಮ ಮನೆಯಲ್ಲಿ ಹೊಳೆಯುವ ವಸ್ತು ಅಂತ ಇರುವುದು ಅಮ್ಮನ ಹಿತ್ತಾಳೆ ಕೊಡ ಒಂದೇ” ಎಂದೆ. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಮೂರನೇ ಸಾಲಿನಲ್ಲಿ ಅಮ್ಮನ ಪಕ್ಕ ಮಾಮಿ ಕುಳಿತಿದ್ದರು. ಬಾ ಎಂದು ಕರೆದವರು ಯಾರೂ ಇಲ್ಲ, ತಾವಾಗಿ ಹೊರಟು ಬಂದಿದ್ದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅವರೇ. ಮರಳಿ ಬರುವಾಗ ಬಂಟ್ವಾಳದ ಬಸ್ಸಿನಲ್ಲಿ ನನ್ನ ಕಿವಿಗೆ ಬಾಗಿ, “ಚಂದ ಮಾತಾಡಿದಿ. ಆದ್ರೆ ನಿಮ್ಮ ಕೊಡ ಸ್ಟೀಲಿಂದು ಅಲ್ವಾ ಮಾರಾಯ್ತಿ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ.

ನಾನು ಓದಿ ಮುಗಿಸಿದೆ, ಆಸ್ಪತ್ರೆಯಲ್ಲಿ ಕೆಲಸವಾಯಿತು, ಮದುವೆಯಾಯಿತು. ಮಾಮಿಯ ಮಗಳನ್ನು ವೇಣೂರಿಗೆ ಕೊಟ್ಟರು. ಊರಿಗೆ ಹೋದಾಗಲೆಲ್ಲ ಮಾಮಿಗೆ ಸೀರೆ, ಬಿಸ್ಕೆಟು, ಟಾನಿಕ್ಕು ಒಯ್ಯುತ್ತಿದ್ದೆ. ಒಯ್ಯಬೇಕಾದ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಒಯ್ದೆ. ಟ್ರಸ್ಟಿನವರು ಈಗ ಮನೆ ನೋಡುವ ಕೆಲಸಕ್ಕೆ ಹಳೆಯ ವಿದ್ಯಾರ್ಥಿಗಳನ್ನೇ ಕರೆಯುತ್ತಾರೆ. ನನಗೂ ಪ್ರತಿ ವರ್ಷ ಫೋನು ಬರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವಳು ನಾನು. ಡ್ಯೂಟಿ ಉಂಟು ಎಂದು ಹೇಳಿ ಫೋನಿಡುತ್ತೇನೆ.

ಹೋದ ವರ್ಷ ಮಾಮಿ ನನ್ನ ವಾರ್ಡಿಗೇ ಬಂದರು. ಸಕ್ಕರೆ ಕಾಯಿಲೆ, ಪಾದದಲ್ಲಿ ವಾಸಿಯಾಗದ ಹುಣ್ಣು. ಹನ್ನೊಂದು ದಿನ ನಾನೇ ಡ್ರೆಸ್ಸಿಂಗ್ ಮಾಡಿದೆ. ಪಕ್ಕದ ಬೆಡ್ಡಿನವರಿಗೆಲ್ಲ ಅವರು ಹೇಳುತ್ತಿದ್ದರು, “ಈ ಸಿಸ್ಟರು ಉಂಟಲ್ಲ, ಇವಳ ತಲೆಯ ಹೇನು ತೆಗೆದವಳು ನಾನು.” ಒಂದು ಮಧ್ಯಾಹ್ನ ಬ್ಯಾಂಡೇಜು ಸುತ್ತುತ್ತ, ತಲೆ ಎತ್ತದೆ ಕೇಳಿಯೇಬಿಟ್ಟೆ.

“ಮಾಮೀ, ಅವತ್ತು ಯಾಕೆ ಸುಳ್ಳು ಹೇಳಿದ್ದು?”

“ಯಾವ ಸುಳ್ಳು?”

“ಫ್ರಿಜ್ಜು ನಿಮ್ಮದು ಅಂತ.”

ಮಾಮಿ ನಿಜವಾಗಿಯೂ ಆಶ್ಚರ್ಯಪಟ್ಟರು. “ನಾನು ‘ಎಂಕ್ಲೆನ’ ಅಂತ ಹೇಳಿದ್ದಾ? ‘ನಮ್ಮ’ ಅಂತ ಅಲ್ವಾ ಹೇಳಿದ್ದು? ಅವರ ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದ ಆದ್ರೆ ನಾನೆಂಥ ಮಾಡುವುದು?”

ತುಳು ಬಾರದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಭಾಷೆಯಲ್ಲಿ ‘ನಾವು’ ಎನ್ನಲು ಎರಡು ಶಬ್ದಗಳಿವೆ. ಮಾತು ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಹೊರಗಿಟ್ಟರೆ ‘ಎಂಕುಲು’. ಹಾಗೆಯೇ ‘ನಮ್ಮ’ ಎಂದರೆ ನನ್ನದೂ ಹೌದು, ನಿನ್ನದೂ ಹೌದು. ‘ಎಂಕ್ಲೆನ’ ಎಂದರೆ ನಮ್ಮದು ಮಾತ್ರ, ನಿನ್ನದಲ್ಲ. ಮೂರು ವರ್ಷದ ಮಗುವೂ ಇದನ್ನು ತಪ್ಪುವುದಿಲ್ಲ.

“ನಿನ್ನ ಮುಖ ನೋಡಿಯೇ ಹೇಳಿದೆ” ಎಂದರು ಮಾಮಿ. “ಅವರಿಗೆ ಗೊತ್ತಾಗದಿದ್ರೂ ನಿನಗೆ ಗೊತ್ತಾಗ್ತದಲ್ಲ. ಉಳಿದದ್ದು ನೀನು ಹೇಳ್ತೀ ಅಂತ ಒಂದು ಗಳಿಗೆ ಕಾದೆ. ನೀನು ಹೇಳ್ಲಿಲ್ಲ. ಸಣ್ಣವಳು, ಹೆದರಿದಿ. ಇರ್ಲಿ, ಬಿಗಿ ಆಯ್ತು, ಸ್ವಲ್ಪ ಸಡಿಲ ಕಟ್ಟು.”

ನಾನು ಸಡಿಲ ಮಾಡಿ ಕಟ್ಟಿದೆ. ಕ್ಷಮಿಸಿ ಎನ್ನಲಿಲ್ಲ. ಅಲ್ಲೂ ಬಾಯಿ ಬರಲಿಲ್ಲ. ನಾಳೆ ಹೇಳುವ, ಮನೆಗೆ ಹೋಗಿ ಕೂತು ಹೇಳುವ ಎಂದುಕೊಂಡೆ. ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮಾಮಿ ಎರಡು ತಿಂಗಳಲ್ಲಿ, ಬೆಳಗಿನ ಚಾ ಕುಡಿದು ಜಗಲಿಯಲ್ಲಿ ಒರಗಿ ಕುಳಿತಲ್ಲೇ ತೀರಿಕೊಂಡರು.

ಬೊಜ್ಜದ ದಿನ, ಅವರ ಉತ್ತರಕ್ರಿಯೆಗೆ ಹೋದೆ. ಊಟದ ಪಂಕ್ತಿ ಮುಗಿದು ಮಾಮಿಯ ಮಗಳು ಹಿಂದಿನ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗೋಡಂಬಿ ಸಿಪ್ಪೆಯ ಎಣ್ಣೆಗೆ ಅವಳ ಬೆರಳ ತುದಿಗಳು ಸುಟ್ಟು ಕಪ್ಪಾಗಿದ್ದವು. ಪಕ್ಕದಲ್ಲಿ ನೀರು ಹೊಯ್ಯುತ್ತಿದ್ದವಳು ಅವಳ ಮಗಳು, ಈಗ ಪಿಯುಸಿ. ಮುಂದೆ ಎಂಥ ಓದುವುದು ಎಂದು ಕೇಳಿದೆ. “ನರ್ಸಿಂಗ್” ಎಂದಳು ಹುಡುಗಿ, ಅಜ್ಜಿಯ ಹಾಗೆಯೇ ನೇರ ಮುಖ ನೋಡಿ.

ಇಷ್ಟು ವರ್ಷ ಹೂತಿಟ್ಟಿದ್ದೆಲ್ಲ ಆಗ ಒಮ್ಮೆಲೇ ಬಾಯಿಗೆ ಬಂತು. ನಾನೇ ಟ್ರಸ್ಟಿಗೆ ಹೋಗುತ್ತೇನೆ, ಅವತ್ತಿನ ಫ್ರಿಜ್ಜು ಯಾರದೆಂದು ಅಲ್ಲಿ ಎಲ್ಲರ ಎದುರು ಹೇಳುತ್ತೇನೆ, ಇವಳಿಗೆ ಸೀಟು ಕೊಡಿಸುತ್ತೇನೆ, ನಮ್ಮ ಮಗುವಲ್ಲವಾ ಎಂದೆ. ತುಳುವಿನಲ್ಲೇ ಹೇಳಿದೆ. ಧೈರ್ಯ ಮಾಡಿ ‘ನಮ್ಮ’ ಎಂದೇ ಹೇಳಿದೆ.

ಅವಳು ಕೈ ಒರೆಸಿಕೊಂಡು ಎದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಟ್ರಸ್ಟಿಗೆ ಹೇಳುವುದಾದರೆ ಹೇಳು, ಅದು ನಿನಗೆ ಬಿಟ್ಟದ್ದು ಎಂದಳು. ಬಿಸಿಲಲ್ಲಿ ಬಂದಿದ್ದೀ, ಪಾಯಸ ಉಳಿದಿದೆ, ಕುಡಿದು ಹೋಗು ಎಂದಳು. ಆಮೇಲೆ ಮಗಳ ಹೆಗಲ ಮೇಲೆ ಕೈಯಿಟ್ಟು, “ನಮ್ಮ ಮಗುವನ್ನು ನಾವು ನೋಡಿಕೊಳ್ಳುತ್ತೇವೆ” ಎಂದಳು.

ಕನ್ನಡದಲ್ಲಿ ಬರೆದರೆ ಈ ಮಾತಿನಲ್ಲಿ ಏನೂ ಕಾಣುವುದಿಲ್ಲ. ಅವಳು ಹೇಳಿದ್ದು ತುಳುವಿನಲ್ಲಿ, ‘ಎಂಕ್ಲೆನ’ ಎಂದು.